ತಲೆ ತಿರುಗಿಸಿದ ಅರೆಮನುಷ್ಯ

ವುಪ್ಪರ್‌ಟಾಲ್, ಜರ್ಮನಿ
3 ಆಗಸ್ಟ್ 1984

ಅಕ್ಕಾ,

ಈ ಲಕೋಟೆಯಲ್ಲಿ ಎರಡು ಹಾಳೆ ಇವೆ. ಮೊದಲನೆಯದನ್ನು ಅಪ್ಪನಿಗೆ ಓದಿ ಹೇಳು. ಎರಡನೆಯದನ್ನು ಆಡಿನ ದೊಡ್ಡಿಯ ಹಿಂದೆ ಹೋಗಿ ನೀನೊಬ್ಬಳೇ ಓದಿಕೋ.

ಅಪ್ಪಾ, ನಾನು ಚೆನ್ನಾಗಿದ್ದೇನೆ. ಆಸ್ಪತ್ರೆಯಲ್ಲಿ ಈಗ ಹೆರಿಗೆ ವಾರ್ಡಿಗೆ ಹಾಕಿದ್ದಾರೆ. ಡಿಸೆಂಬರಿನಲ್ಲಿ ನರ್ಸಿಂಗಿನ ಕೊನೆಯ ಪರೀಕ್ಷೆ. ಇಲ್ಲಿನವರು ಮೂರು ಹೊತ್ತೂ ಆಲೂಗಡ್ಡೆ ತಿಂತಾರೆ. ಅಕ್ಕ ಕೆಂಡದ ಮೇಲೆ ಸುಡುವ ರೊಟ್ಟಿ ನೆನೆಸಿಕೊಂಡರೆ ಅಳು ಬರುತ್ತದೆ. ಕಂಬಿಗೆ ಜೋತುಬಿದ್ದು ಓಡುವ ರೈಲಿದೆ ಅಂತ ಬರೆದಿದ್ದೆನಲ್ಲ, ನೀವು ಇನ್ನೂ ನಂಬಿಲ್ಲವಂತೆ. ದಿನಾ ಅದರಲ್ಲೇ ಓಡಾಡುತ್ತೇನೆ, ಇನ್ನೂ ಕೆಳಗೆ ಬಿದ್ದಿಲ್ಲ. ನನ್ನ ಅರೆಮನುಷ್ಯ ಗಿಡ ಆರಾಮವಾಗಿದೆ.

ಈಗ ಎರಡನೆಯ ಹಾಳೆ. ಅಕ್ಕಾ, ಮೇಲೆ ಬರೆದ ಕೊನೆಯ ಸಾಲು ಸುಳ್ಳು.

ಅರೆಮನುಷ್ಯ ತಲೆ ತಿರುಗಿಸಿದೆ.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಧೂಳು ಒರೆಸಲು ಹೋದಾಗ ನೋಡಿದೆ. ನಮ್ಮಲ್ಲಿ ಹುಟ್ಟಿದವರಿಗೆಲ್ಲ ಒಂದೊಂದು ಹಾಕುವ ಹಾಗೆ, ನಾನು ಹುಟ್ಟಿದ ದಿನ ಅಪ್ಪ ಬೀಜ ಹಾಕಿ ಬೆಳೆಸಿದ ಗಿಡ. ನನ್ನಷ್ಟೇ ವಯಸ್ಸಾಗಿ ಒಂದೂವರೆ ಗೇಣು ಬೆಳೆದಿದೆ. ಅಮ್ಮ ಸಾಯುವ ಮೊದಲು ಅದರ ಉತ್ತರದ ಮಗ್ಗುಲಿಗೆ ಕೆಂಪು ದಾರ ಕಟ್ಟಿ, 'ಎಲ್ಲಿಗಾದರೂ ಹೋಗು, ಈ ದಾರ ಮಾತ್ರ ಉತ್ತರಕ್ಕಿರಲಿ' ಅಂದಿದ್ದಳು. ಬಂದ ದಿನವೇ ದಾರಿಯಲ್ಲಿ ಪೊಲೀಸಿನವನನ್ನು ಉತ್ತರ ಯಾವ ಕಡೆ ಅಂತ ಕೇಳಿ, ಉತ್ತರದ ಕಿಟಕಿಯ ಕಟ್ಟೆಯ ಮೇಲೆ ಇಟ್ಟೆ. ಆ ಕಿಟಕಿಗೆ ಕೈ ಚಾಚಿದರೆ ಪಕ್ಕದ ಮನೆಯ ಗೋಡೆ ಸಿಗುತ್ತದೆ. ಆದರೂ ಜಾಗ ಬದಲಿಸಲಿಲ್ಲ. ಅವತ್ತು ದಾರ ಉತ್ತರಕ್ಕೇ ಇತ್ತು, ಎಲೆಯ ಗುಚ್ಛವಿರುವ ತಲೆ ಮಾತ್ರ ದಕ್ಷಿಣಕ್ಕೆ, ನನ್ನ ಮಂಚದ ಕಡೆಗೆ ಬಾಗಿತ್ತು. ಕುಂಡ ತಿರುಗಿಸಿ ತಲೆಯನ್ನು ಉತ್ತರಕ್ಕೆ ಇಟ್ಟರೆ ಕೆಲವು ವಾರಕ್ಕೆ ಮತ್ತೆ ವಾಲಲು ಶುರು. ಎಲೆಗಳೂ ಹಳದಿಯಾಗುತ್ತಿವೆ.

ನಾನೇನು ತಪ್ಪು ಮಾಡಿದೆ ಅಕ್ಕಾ? ಬೇಗ ಬರಿ.

ಸಲೋಮಿ


ಕೂಬೂಸ್
27 ಆಗಸ್ಟ್ 1984

ಲೋಮೀ,

ನಿನ್ನ ಎರಡನೆಯ ಹಾಳೆ ಓದಿ ದೊಡ್ಡಿಯ ಹಿಂದೆ ಕಲ್ಲಿನ ಮೇಲೆ ಕುಳಿತುಬಿಟ್ಟೆ. ಆಡುಗಳು ಬಂದು ಲಂಗದ ಅಂಚು ಜಗಿದರೂ ಎಚ್ಚರವಾಗಲಿಲ್ಲ.

ನೀನು ಚಿಕ್ಕವಳು, ನಿನಗೆ ಫ್ರೆಡ್ರಿಕ್ ಚಿಕ್ಕಪ್ಪನ ನೆನಪಿಲ್ಲ. ನನಗಿದೆ. ಮೀನಿನ ದೋಣಿಯಲ್ಲಿ ಕೆಲಸ ಅಂತ ಇಲ್ಲಿಂದ ಕೆಳಗೆ, ದಕ್ಷಿಣದ ಕೇಪ್‌ಟೌನಿಗೆ ಹೋದ. ತನ್ನ ಗಿಡವನ್ನು ಬಾಗಿಲ ಪಕ್ಕದಲ್ಲೇ ಬಿಟ್ಟಿದ್ದ. ಆ ವರ್ಷ ಅದು ಉತ್ತರ ಬಿಟ್ಟು ತಲೆಯನ್ನು ಗುಡ್ಡದ ಕಡೆ ತಿರುಗಿಸಿತು. ಆಮೇಲೆ ಅವನಿಂದ ಒಂದು ಸಾಲು ಬರಲಿಲ್ಲ, ಸತ್ತನೋ ಇದ್ದಾನೋ ಯಾರಿಗೂ ತಿಳಿಯಲಿಲ್ಲ. ಅಜ್ಜಿ ಮಾತ್ರ ಉಸಿರಿರುವವರೆಗೂ ಪ್ರತಿ ರಾತ್ರಿ ಅವನ ತಟ್ಟೆ ತೊಳೆದು ಕವುಚಿ ಇಡುತ್ತಿದ್ದಳು.

ನಮ್ಮ ಹಿರಿಯರು ಉತ್ತರದಿಂದ ಗರೀಪ್ ನದಿ ದಾಟಿ ಓಡಿಬರುವಾಗ, ಬಿಟ್ಟುಬಂದ ಊರನ್ನು ತಿರುಗಿ ತಿರುಗಿ ನೋಡಿದವರು ಅಲ್ಲಲ್ಲೇ ಗಿಡವಾಗಿ ನಿಂತರು ಅಂತ ಎಷ್ಟು ಸಲ ಕೇಳಿಲ್ಲ ನೀನು? ಗುಡ್ಡದ ಮೇಲಿರುವ ಒಂದೊಂದು ಅರೆಮನುಷ್ಯನೂ ಇವತ್ತಿಗೂ ಉತ್ತರಕ್ಕೇ ತಲೆ ಇಟ್ಟು ನಿಂತಿಲ್ಲವಾ? ಎಲ್ಲಿಂದ ಬಂದೆವು ಅಂತ ಮರೆಯದಿರುವುದೇ ಅದರ ಕೆಲಸ. ಅದು ಸುಮ್ಮನೆ ತಲೆ ತಿರುಗಿಸುವುದಿಲ್ಲ. ಮನುಷ್ಯ ತಿರುಗಿಸಿದ ಮೇಲೆ ಅದು ತಿರುಗಿಸುತ್ತದೆ.

ಅದಕ್ಕೇ ನೇರವಾಗಿ ಕೇಳುತ್ತೇನೆ. ನಿನ್ನ ಮಂಚದ ಕಡೆ ನೋಡುತ್ತಿದೆ ಅಂದೆಯಲ್ಲ, ಆ ಮಂಚದಲ್ಲಿ ಯಾರಿದ್ದಾರೆ?

ಅಪ್ಪನಿಗೆ ಮೊದಲ ಹಾಳೆ ಓದಿದೆ. ಅವರು ಕೇಳಿದ್ದು ಒಂದೇ, 'ಅದ್ರ ತಲೆ ಯಾವ ಕಡೆ ಇದೆಯಂತೆ?' ನಾನು, 'ಉತ್ತರಕ್ಕೆ ಅಪ್ಪಾ' ಅಂದೆ. ಭಾನುವಾರ ಚರ್ಚಿನಲ್ಲಿ ಎಲ್ಲರಿಗಿಂತ ಮುಂದೆ ನಿಂತು ಕೀರ್ತನೆ ಎತ್ತಿಕೊಡುವ ಬಾಯಿ ಇದು. ನಿನ್ನಿಂದಾಗಿ ಸುಳ್ಳು ಹೇಳಿತು.

ಕುಂಡವನ್ನು ತಿರುಗಿಸುತ್ತಲೇ ಇರು. ಹಟ ಮಾಡಿದರೆ ನೀನೂ ಹಟ ಮಾಡು. ಇಲ್ಲಿ ಈ ಸಲ ಒಳ್ಳೆ ಮಳೆ. ಗುಡ್ಡವೆಲ್ಲ ಹೂವು. ಅದನ್ನು ನೋಡಲೂ ಮನಸ್ಸಿಲ್ಲ.

ಡೋರ್ಕಸ್


ವುಪ್ಪರ್‌ಟಾಲ್
18 ಸೆಪ್ಟೆಂಬರ್ 1984

ಅಕ್ಕಾ,

ಮಂಚದಲ್ಲಿ ನಾನಿದ್ದೇನೆ, ಮತ್ತೆ ಹಗಲೆಲ್ಲ ನಿಂತು ಊದಿದ ನನ್ನ ಕಾಲುಗಳಿವೆ. ಬೇರೆ ಯಾರೂ ಇಲ್ಲ. ಹೀಗೆ ಕೇಳಬಹುದು ನೀನು ಅಂತ ಕನಸಿನಲ್ಲೂ ಅಂದುಕೊಂಡಿರಲಿಲ್ಲ. ಎರಡು ದಿನ ನಿನಗೆ ಬರೆಯಲೇಬಾರದು ಅಂತ ಇದ್ದೆ.

ಆದರೆ ಬರೆಯದೆ ಇರುವಂತಿಲ್ಲ. ನೀನು ಹೇಳಿದ ಹಾಗೆ ದಿನಾ ತಿರುಗಿಸಿದೆ. ಮೇ ತಿಂಗಳಿಂದ ಆಗಸ್ಟ್‌ವರೆಗೆ, ಹೊರಡುವಾಗ ನೀನು ಹೇಳಿಕೊಟ್ಟಂತೆ ನಮ್ಮಲ್ಲಿ ಹೇಗೋ ಹಾಗೆಯೇ, ವಾರಕ್ಕೊಂದು ಲೋಟ ನೀರು ಹಾಕಿದೆ. ಎಲೆ ಎಲ್ಲ ಉದುರಿದವು. ಬಾಯಾರಿರಬೇಕು ಅಂತ ಇನ್ನೊಂದು ಲೋಟ ಹಾಕಿದೆ. ನಿನ್ನೆ ಬುಡವನ್ನು ಒತ್ತಿ ನೋಡಿದೆ ಅಕ್ಕಾ. ಹೆಬ್ಬೆರಳು ಒಳಗೆ ಹೋಯಿತು. ಮುಳ್ಳಿನ ಗಿಡ, ಕಲ್ಲಿನ ಹಾಗೆ ಇರಬೇಕಾದದ್ದು, ಕೊಳೆತ ಟೊಮೇಟೊ ಹಾಗೆ ಒಳಗೆ ಹೋಯಿತು! ಬೆರಳು ಮೂಸಿದರೆ ಹುಳಿ ವಾಸನೆ.

ನಾನು ದಿನಾ ರಕ್ತ ನೋಡುವವಳು. ಅಳುಕದೆ ಸತ್ತವರ ಕಣ್ಣು ಮುಚ್ಚಿದ್ದೇನೆ, ಹೊಕ್ಕುಳ ಬಳ್ಳಿ ಕತ್ತರಿಸಿದ್ದೇನೆ. ನಿನ್ನೆ ಮಾತ್ರ ಕುಂಡದ ಮುಂದಿಂದ ಏಳದೆ ರಾತ್ರಿಯೆಲ್ಲ ಕುಳಿತೆ. ಇದು ಹೋದರೆ ನಾನು ನಿಮ್ಮವಳು ಅಂತ ತೋರಿಸಲು ಇಲ್ಲಿ ನನ್ನ ಹತ್ತಿರ ಏನಿದೆ ಹೇಳು? ಈ ಊರಿನಲ್ಲಿ ಯಾರಿಗೂ ನನ್ನ ಹೆಸರನ್ನು ಸರಿಯಾಗಿ ಕರೆಯಲೂ ಬರುವುದಿಲ್ಲ.

ಬೈಯುವುದಿದ್ದರೆ ಆಮೇಲೆ ಬೈ. ಈಗ ಏನು ಮಾಡಲಿ ಹೇಳು.

ಲೋಮಿ


ಕೂಬೂಸ್
8 ಅಕ್ಟೋಬರ್ 1984

ಲೋಮೀ,

ಬೈಗುಳ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ, ಎಲ್ಲೂ ಹೋಗುವುದಿಲ್ಲ. ಮೊದಲು ಇದನ್ನು ಮಾಡು. ಓದಿದ ಕೂಡಲೇ ಮಾಡು, ಊಟ ಮಾಡಿ ಮಾಡುತ್ತೇನೆ ಅನ್ನಬೇಡ.

ಗಿಡವನ್ನು ಕಿತ್ತುಬಿಡು. ಹೌದು, ಪೂರ್ತಿ. ಮುಳ್ಳು ಚುಚ್ಚದ ಹಾಗೆ ದಪ್ಪ ಬಟ್ಟೆ ಸುತ್ತಿಕೊಂಡು ಹಿಡಿ, ಮಣ್ಣೆಲ್ಲ ಕೊಡವು. ಬೇರು ಮೂಸು. ಕಂದಾಗಿ ಜಿಬಜಿಬ ಅನ್ನುವುದನ್ನೆಲ್ಲ ತೆಗೆ. ಚಾಕು ಕುದಿಸಿ, ಬುಡವನ್ನು ಬಿಲ್ಲೆ ಬಿಲ್ಲೆಯಾಗಿ ಕೊಯ್ಯುತ್ತಾ ಹೋಗು. ಕೊಯ್ದ ಮುಖದಲ್ಲಿ ಕಂದು ಚುಕ್ಕೆ ಒಂದಾದರೂ ಕಂಡರೆ ಇನ್ನೂ ಒಂದು ಬಿಲ್ಲೆ ಕೊಯ್ಯಿ. ಪಾಪ ಅನ್ನಬೇಡ. ಸೌತೆಕಾಯಿ ಹಾಗೆ ಬೆಳ್ಳಗೆ ಗಟ್ಟಿಯಾಗಿ ಕಾಣಿಸಿದಾಗ ನಿಲ್ಲಿಸು. ಒಲೆಯ ಬೂದಿ ಒತ್ತಿ ಮೆತ್ತು.

ಆಮೇಲೆ ಅದನ್ನು ಒಣ ಬಟ್ಟೆಯ ಮೇಲೆ ಮಲಗಿಸಿ ಸುಮ್ಮನೆ ಬಿಡು. ಮಣ್ಣಿಲ್ಲ, ನೀರಿಲ್ಲ. ನಿನ್ನ ಕಣ್ಣೀರೂ ಬೇಡ. ಹುಟ್ಟಿದ ಕೂಸಿನ ಹೊಕ್ಕುಳು ಒಣಗಿ ಗಟ್ಟಿಯಾಗುತ್ತದಲ್ಲ, ಹಾಗಾಗುವವರೆಗೆ ಮುಟ್ಟಬೇಡ. ಆಮೇಲೆ ದಪ್ಪ ಮರಳು, ಸಣ್ಣ ಕಲ್ಲು ಬೆರೆಸಿ ನೆಡು. ಆಗಲೂ ನೀರು ಹಾಕಬೇಡ. ಎಲೆ ಮೊದಲು, ನೀರು ಆಮೇಲೆ. ತನ್ನ ಮೈಯೊಳಗೆ ಇಟ್ಟುಕೊಂಡದ್ದನ್ನು ತಿಂದು ಅದು ಬದುಕಬೇಕು. ಅಮ್ಮ ಹೀಗೆಯೇ ನನ್ನದನ್ನು ಒಂದು ಸಲ ಉಳಿಸಿದ್ದಳು. ಉಳಿದರೆ ಉಳಿದೀತು, ಇಲ್ಲವಾದರೆ ಇಲ್ಲ. ಸುಳ್ಳು ಧೈರ್ಯ ನಾನು ಹೇಳುವುದಿಲ್ಲ.

ಅಪ್ಪ ಮತ್ತೆ ಕೇಳಿದರು, 'ತಲೆ ಯಾವ ಕಡೆ?' ನಾನು ಮತ್ತೆ, 'ಉತ್ತರಕ್ಕೆ' ಅಂದೆ. ತಲೆ ಆಡಿಸಿ ಪೈಪ್ ಹಚ್ಚಿಕೊಂಡರು.

ಪರೀಕ್ಷೆ ಮುಗಿಸಿ ಯಾವಾಗ ಹೊರಡುತ್ತೀ ಅಂತ ಈ ಸಲವೂ ನೀನು ಬರೆದಿಲ್ಲ. ನಮ್ಮ ಊರಿಗೆ ನರ್ಸ್ ಬರುತ್ತಾಳೆ ಅಂತ ಬಸುರಿಯರೆಲ್ಲ ಈಗಲೇ ಬಂದು ಕೇಳುತ್ತಿದ್ದಾರೆ.

ಡೋರ್ಕಸ್


ವುಪ್ಪರ್‌ಟಾಲ್
1 ನವೆಂಬರ್ 1984

ಅಕ್ಕಾ,

ಮಾಡಿದೆ. ಸ್ಟೂಲಿನ ಮೇಲೆ ಬಿಳಿ ಬಟ್ಟೆ ಹಾಸಿ, ಆಸ್ಪತ್ರೆಯ ಚೂರಿಯಿಂದಲೇ ಕೊಯ್ದೆ. ಕಂದು, ಕಂದು, ಮತ್ತೆ ಕಂದು. ನಾಲ್ಕು ಬೆರಳಷ್ಟು ಬುಡ ಹೋದ ಮೇಲೆ ಬಿಳಿ ಬಂತು. ನೆಲದ ಮೇಲೆ ಕುಳಿತು ಜೋರಾಗಿ ಅತ್ತೆ. ಕೆಳಗಿಂದ ಮನೆಯೊಡತಿ ಕೋಸ್ಟರ್ ಅಮ್ಮ, ಯಾರು ಸತ್ತರು ಅಂತ ಓಡಿಬಂದಳು. ಈ ಊರಿನ ಮನೆಗಳಲ್ಲಿ ಸೌದೆ ಒಲೆಯೇ ಇಲ್ಲ, ಬೂದಿ ಎಲ್ಲಿಂದ ತರಲಿ? ಪುಣ್ಯಕ್ಕೆ ಡೆಟ್ಲೆಫ್ ತನ್ನ ತೋಟದಲ್ಲಿ ಒಣ ಕೊಂಬೆ ಸುಟ್ಟು ಒಂದು ಡಬ್ಬಿ ಬೂದಿ ತಂದುಕೊಟ್ಟ. ಈಗ ಅರೆಮನುಷ್ಯ ಬೀರುವಿನ ಮೇಲೆ ಹೆಣದ ಹಾಗೆ ಮಲಗಿದೆ. ದಿನಾ ಬೆಳಿಗ್ಗೆ ಎದ್ದು ಮೊದಲು ಅದನ್ನೇ ನೋಡುತ್ತೇನೆ.

ಇನ್ನು ನಾನು ಬರೆಯುವುದನ್ನು ನೀನು ಕುಳಿತುಕೊಂಡು ಓದು.

ಕೋಸ್ಟರ್ ಅಮ್ಮ ಅವತ್ತು ನನ್ನನ್ನು ಸಮಾಧಾನ ಮಾಡಿ, ಕಾಫಿ ಕೊಟ್ಟು, 'ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ. ಎರಡು ವರ್ಷದಿಂದ ನೋಡ್ತಿದೀನಿ, ನೀನ್ಯಾಕೆ ಬಟ್ಟೆನ ಮನೆ ಹಿಂದಿನ ಕತ್ತಲಲ್ಲಿ ಒಣಗಿಸ್ತೀಯಾ? ಒಳಬಟ್ಟೆ ಬೀದಿಗೆ ಕಾಣುತ್ತೆ ಅಂತ ನಾಚಿಕೇನಾ?' ಅಂದಳು.

ನಾನು, 'ಕತ್ತಲು ಹೇಗಾಗುತ್ತೆ, ಅದು ಉತ್ತರ ಅಲ್ವಾ? ಬಿಸಿಲು ಬರೋ ಕಡೆ' ಅಂದೆ. ನಮ್ಮಲ್ಲಿ ಹಗ್ಗ ಕಟ್ಟುವುದು ಮನೆಯ ಉತ್ತರಕ್ಕೇ ತಾನೇ? ಇಲ್ಲೂ ಹಾಗೆಯೇ ಕಟ್ಟಿದ್ದೆ. ಬಟ್ಟೆ ಒಂದು ದಿನವೂ ಸರಿಯಾಗಿ ಒಣಗುತ್ತಿರಲಿಲ್ಲ. ಈ ದೇಶದ ಬಿಸಿಲಿಗೇ ಬಲ ಇಲ್ಲ ಅಂದುಕೊಂಡಿದ್ದೆ.

ಅವಳು ನನ್ನ ಕೈ ಹಿಡಿದು ಅಂಗಳಕ್ಕೆ ಕರೆದುಕೊಂಡು ಹೋದಳು. ಮಧ್ಯಾಹ್ನ. ಅಪರೂಪಕ್ಕೆ ಮೋಡ ಸರಿದಿತ್ತು. 'ನೋಡು' ಅಂದಳು.

ಅಕ್ಕಾ, ಸೂರ್ಯ ದಕ್ಷಿಣದಲ್ಲಿದ್ದ.

ನಡು ಮಧ್ಯಾಹ್ನ, ನಮ್ಮಲ್ಲಿ ಉತ್ತರಕ್ಕಿರುವವನು ಇಲ್ಲಿ ದಕ್ಷಿಣದಲ್ಲಿ! ನಾನು ಹುಚ್ಚಿಯ ಹಾಗೆ ಮನೆ ಸುತ್ತಲೂ ಓಡಿದೆ. ನನ್ನ ನೆರಳು ಉತ್ತರಕ್ಕೆ ಬಿದ್ದಿತ್ತು. ಈ ಊರಿನ ಮೇಲೆ ಸದಾ ಬೂದು ಕಂಬಳಿ ಹೊದಿಸಿರುತ್ತದೆ, ಚಳಿಗಾಲದಲ್ಲಂತೂ ನಾನು ಎದ್ದು ಹೋಗುವಾಗಲೂ ಬರುವಾಗಲೂ ಕತ್ತಲು. ಉತ್ತರ ಎಲ್ಲಿದೆ ಅಂತ ಕೇಳಿ ತಿಳಿದ ಮೇಲೆ ಸೂರ್ಯನನ್ನು ಹುಡುಕಿ ನೋಡುವ ಕೆಲಸ ಏನಿತ್ತು ನನಗೆ? ಇಲ್ಲಿ ಅವನು ದಕ್ಷಿಣದಲ್ಲೇ ಓಡಾಡುತ್ತಾನಂತೆ, ಹುಟ್ಟಿದಾಗಿನಿಂದ ಹಾಗೆಯೇ ಅಂತೆ. ಅರೆಮನುಷ್ಯ ನನಗೆ ಬೆನ್ನು ಹಾಕಿದ್ದಲ್ಲ. ಕತ್ತಲ ಕಿಟಕಿಯಲ್ಲಿ ನಿಲ್ಲಿಸಿದ್ದೆ, ಅದು ಮಂಚದಾಚೆಯ ದಕ್ಷಿಣದ ಕಿಟಕಿಯ ಬೆಳಕಿಗೆ ಕತ್ತು ಚಾಚಿತ್ತು. ನಾನು ದಿನಾ ಅದರ ಕತ್ತು ಹಿಡಿದು ತಿರುಗಿಸುತ್ತಿದ್ದೆ.

ಲೋಮಿ


ಕೂಬೂಸ್
24 ನವೆಂಬರ್ 1984

ಲೋಮೀ,

ನಿನಗೆ ಜ್ವರ ಇದೆಯಾ? ಕುಡಿಯುವುದೇನಾದರೂ ಕಲಿತೆಯಾ?

ಮೊದಲು ರೈಲು ತಲೆಕೆಳಗಾಗಿ ಜೋತುಬಿದ್ದಿದೆ ಅಂದೆ. ಹೋಗಲಿ ಅಂದುಕೊಂಡೆ, ದೂರದ ಊರು, ಏನೋ ಇರುತ್ತದೆ. ಈಗ ಸೂರ್ಯನನ್ನೂ ಎತ್ತಿ ಆ ಕಡೆಗಿಟ್ಟೆ. ನಾಳೆ ಆಡುಗಳು ಮೊಟ್ಟೆ ಇಡುತ್ತವೆ ಅಂತ ಬರೆಯುತ್ತೀ.

ಹೀಗೆ ಅಂದುಕೊಂಡು ಕಾಗದ ಮಡಚಿ ಇಟ್ಟೆ. ಮನಸ್ಸು ನಿಲ್ಲಲಿಲ್ಲ. ಪಾದ್ರಿಗಳು ಬಂದಿದ್ದರು, ಅವರೂ ಆ ಕಡೆ ಓದಿ ಬಂದವರಲ್ಲವಾ, ಕಾಫಿ ಕೊಡುತ್ತಾ ಸುಮ್ಮನೆ ಕೇಳಿದಂತೆ ಕೇಳಿದೆ. 'ಹೌದಲ್ಲ ಡೋರ್ಕಸ್, ಅಲ್ಲಿ ದಕ್ಷಿಣಕ್ಕೇ ಇರ್ತಾನೆ' ಅಂದರು. ಬಿಸ್ಕತ್ತು ಅದ್ದಿಕೊಂಡರು! ಸೂರ್ಯ ಜಾಗ ಬದಲಿಸಿದ ಮಾತನ್ನು ಬಿಸ್ಕತ್ತು ತಿನ್ನುತ್ತಾ ಹೇಳುವ ಮನುಷ್ಯ. ಇಷ್ಟು ವರ್ಷ ಪ್ರಸಂಗ ಮಾಡಿದರು, ಇದೊಂದನ್ನು ಯಾಕೆ ಹೇಳಲಿಲ್ಲ? 'ಅಲ್ಲಿ ಈಗ ಚಳಿಗಾಲ. ನಮ್ಮ ಬೇಸಿಗೆ ಅವ್ರಿಗೆ ಚಳಿ, ನಮ್ಮ ಚಳಿ ಅವ್ರಿಗೆ ಬೇಸಿಗೆ' ಅಂತಲೂ ಅಂದರು. ಕೈಯಲ್ಲಿದ್ದ ಕಾಫಿ ಪಾತ್ರೆಯನ್ನು ಎಲ್ಲಿ ಇಟ್ಟೆನೋ ನನಗೇ ಗೊತ್ತಾಗಲಿಲ್ಲ.

ಯಾಕೆಂದರೆ ಲೋಮೀ, ಮೇ ತಿಂಗಳಿಂದ ಆಗಸ್ಟ್‌ವರೆಗೆ ನೀರು ಹಾಕು ಅಂದವಳು ನಾನು. ನಮ್ಮಲ್ಲಿ ಅದು ಮಳೆ ಚಳಿಯ ಕಾಲ, ಗಿಡ ಎದ್ದು ಉಣ್ಣುವ ಕಾಲ. ನೀನಿರುವಲ್ಲಿ ಅದು ಬೇಸಿಗೆ, ಗಿಡ ಕಣ್ಣು ಮುಚ್ಚಿ ನಿದ್ದೆ ಮಾಡುವ ಕಾಲ. ಮಲಗಿದವನ ಬಾಯಿಗೆ ಕತ್ತಲಲ್ಲಿ ನೀರು ಹೊಯ್ದೆವಲ್ಲೇ! ಕಣ್ಣಲ್ಲಿ ಕಣ್ಣಿಟ್ಟು ಕಾದದ್ದೇ ಅದಕ್ಕೆ ಮುಳುವಾಯಿತು. ನಿನ್ನ ಹಳೆಯ ಕಾಗದಗಳನ್ನೆಲ್ಲ ತೆಗೆದು ಓದಿದೆ. 'ಜೂನ್, ತುಂಬಾ ಸೆಕೆ' ಅಂತ ನೀನೇ ಬರೆದಿದ್ದೆ. ಆಸ್ಪತ್ರೆಯೊಳಗೆ ಸೆಕೆ ಇರಬೇಕು ಅಂದುಕೊಂಡಿದ್ದೆ ನಾನು.

ಕ್ಷಮಿಸು ಅಂತ ಬರೆಯುವುದಿಲ್ಲ, ಇಬ್ಬರೂ ಸೇರಿ ಮಾಡಿದ್ದು. ನೆಡುವಾಗ ಬಿಸಿಲಿನ ಕಿಟಕಿಯಲ್ಲೇ ಇಡು.

ಈಗ ಇನ್ನೊಂದು. ನಿನ್ನ ಕಾಗದದಲ್ಲಿ 'ಡೆಟ್ಲೆಫ್ ಬೂದಿ ತಂದುಕೊಟ್ಟ' ಅಂತ ಒಂದು ಸಾಲು ಬೆಕ್ಕಿನ ಹಾಗೆ ಸದ್ದಿಲ್ಲದೆ ದಾಟಿ ಹೋಯಿತು. ನಾನು ಬಾಲ ಹಿಡಿದುಕೊಂಡಿದ್ದೇನೆ. ಬೇರೆಯವಳ ಗಿಡಕ್ಕೆ ತನ್ನ ತೋಟದಲ್ಲಿ ಬೆಂಕಿ ಹಾಕಿ ಬೂದಿ ಮಾಡುವ ಗಂಡಸು ಯಾರು?

ಡೋರ್ಕಸ್


ವುಪ್ಪರ್‌ಟಾಲ್
16 ಡಿಸೆಂಬರ್ 1984

ಅಕ್ಕಾ,

ಈ ಸಲ ಎರಡು ಹಾಳೆ ಇಲ್ಲ. ಒಂದೇ. ಅಪ್ಪನಿಗೂ ಇದನ್ನೇ ಓದು.

ಪರೀಕ್ಷೆ ಪಾಸಾಯಿತು. ಡೆಟ್ಲೆಫ್ ಆ ಜೋತುಬಿದ್ದ ರೈಲು ಓಡಿಸುವವನು. ಮೊದಲ ಚಳಿಗಾಲದಲ್ಲಿ ನಾನು ರೈಲಿನಲ್ಲಿ ಹೆದರಿ ಕಂಬ ತಬ್ಬಿಕೊಂಡಿದ್ದನ್ನು ನೋಡಿ ನಕ್ಕಿದ್ದ. ನಾನು ಸಿಟ್ಟಾಗಿ ನಮ್ಮ ಭಾಷೆಯಲ್ಲಿ ಬೈದೆ. ಮಾರನೆಯ ದಿನ ಅದರ ಅರ್ಥ ಏನು ಅಂತ ಕೇಳಲು ಬಂದ. ಅಲ್ಲಿಂದ ಶುರುವಾಯಿತು. ಮಂಚದಲ್ಲಿ ಯಾರೂ ಇಲ್ಲ ಅಂದದ್ದು ನಿಜ. ಮನಸ್ಸಿನಲ್ಲಿ ಯಾರೂ ಇಲ್ಲ ಅಂತ ನಾನು ಬರೆದಿರಲಿಲ್ಲ, ನೀನು ಕೇಳಿರಲೂ ಇಲ್ಲ. ನೀನು ಹಾಗೆ ಬರೆದಾಗ ನನಗೆ ಅಷ್ಟು ಸಿಟ್ಟು ಬಂದದ್ದು ಯಾಕೆ ಅಂತ ಈಗ ಗೊತ್ತಾಯಿತಲ್ಲ. ಗಿಡ ಚಾಡಿ ಹೇಳಿತು ಅಂತ ನಾನೂ ನಂಬಿದ್ದೆ.

ಮದುವೆಯಾಗು ಅಂತ ಕೇಳಿದ್ದಾನೆ. ಹೂಂ ಅಂದರೆ ಇಲ್ಲೇ ಉಳಿಯಬೇಕು. ಊರಿನ ಬಸುರಿಯರು ಕಾಯುತ್ತಿದ್ದಾರೆ ಅಂತ ನೀನು ಬರೆದದ್ದು ಎದೆಯಲ್ಲಿ ಮುಳ್ಳಿನ ಹಾಗೆ ನಿಂತಿದೆ. ಇನ್ನೂ ಅವನಿಗೆ ಉತ್ತರ ಕೊಟ್ಟಿಲ್ಲ.

ಗಿಡದ ಗಾಯ ಒಣಗಿ ಗಟ್ಟಿಯಾಗಿದೆ. ಮರಳು ಕಲ್ಲು ಬೆರೆಸಿ ನೆಟ್ಟು ದಕ್ಷಿಣದ ಕಿಟಕಿಯಲ್ಲಿ ಇಟ್ಟಿದ್ದೇನೆ. ಕಡ್ಡಿಯ ಹಾಗೆ ನಿಂತಿದೆ, ಜೀವ ಇದೆಯೋ ಇಲ್ಲವೋ ತಿಳಿಯದು. ಅದು ಬದುಕದಿದ್ದರೆ ನಾನು ಯಾರಿಗೂ ಹೂಂ ಅನ್ನುವುದಿಲ್ಲ. ಅದನ್ನೇ ಉಳಿಸಿಕೊಳ್ಳಲಾಗದವಳು ಇಲ್ಲಿ ನಿಂತು ನಿಮ್ಮವಳಾಗಿ ಉಳಿಯುತ್ತೇನೆ ಅಂತ ಯಾವ ಬಾಯಲ್ಲಿ ಹೇಳಲಿ?

ಕ್ರಿಸ್ಮಸ್ಸಿಗೆ ನಿಮ್ಮಲ್ಲಿ ಆಡಿನ ತಲೆ ಬೇಯುವ ವಾಸನೆ ಇಲ್ಲಿಂದಲೇ ಬರುತ್ತಿದೆ.

ಲೋಮಿ


ವುಪ್ಪರ್‌ಟಾಲ್
14 ಜನವರಿ 1985

ಅಕ್ಕಾ,

ನಿನ್ನಿಂದ ಒಂದು ಸಾಲಿಲ್ಲ. ಪೆಟ್ಟಿಗೆಯಲ್ಲಿಟ್ಟ ಬೈಗುಳವನ್ನಾದರೂ ಕಳಿಸಬಾರದಾ?

ಎಲೆ ಬಂತು! ಹೋದ ವಾರ ಒಂದು ದಿನ ಕೆಲಸ ಮುಗಿಸಿ ಬಂದು ದೀಪ ಹಾಕಿದೆ. ತಲೆಯ ಮೇಲೆ ಹಸಿರು. ಅಕ್ಕಿಕಾಳಿನಷ್ಟು ಎರಡು, ಅಂಚು ಮುದುಡಿಕೊಂಡಿವೆ. ಕೋಟು ಬಿಚ್ಚದೆ ಎಷ್ಟು ಹೊತ್ತು ನಿಂತೆನೋ. ಆಮೇಲೆ ಒಂದು ಚಮಚ ನೀರು ಹಾಕಿದೆ. ಎಲೆ ಮೊದಲು, ನೀರು ಆಮೇಲೆ.

ಆದರೆ ಅಕ್ಕಾ, ಆ ಎಲೆಗಳೂ ದಕ್ಷಿಣಕ್ಕೇ. ಬೆಳಕಿಗಾಗಿ ಅಂತ ನನಗೆ ಗೊತ್ತು, ನಾನೇ ನಿನಗೆ ಬರೆದೆ. ತಲೆ ಒಪ್ಪುತ್ತದೆ, ಕರುಳು ಒಪ್ಪುವುದಿಲ್ಲ. ಅಮ್ಮ ಕಟ್ಟಿದ ದಾರ ಒಂದು ಕಡೆ, ಅದರ ಮುಖ ಇನ್ನೊಂದು ಕಡೆ. ಬದುಕಿತು, ಆದರೆ ಬೆನ್ನು ತೋರಿಸಿಯೇ ಬದುಕಿತು. ಬೆಳಿಗ್ಗೆ ಎದ್ದು ನೋಡಿದಾಗಲೆಲ್ಲ ಫ್ರೆಡ್ರಿಕ್ ಚಿಕ್ಕಪ್ಪನ ನೆನಪಾಗುತ್ತದೆ, ಮುಖವೇ ನೆನಪಿಲ್ಲದವನು.

ನನ್ನ ತಟ್ಟೆಯನ್ನೂ ತೊಳೆದು ಕವುಚಿ ಇಡುತ್ತಿದ್ದೀಯಾ?

ಲೋಮಿ


ಕೂಬೂಸ್
23 ಫೆಬ್ರವರಿ 1985

ಲೋಮೀ,

ಬರೆದೆ. ಎರಡು ಸಲ ಬರೆದು ಎರಡು ಸಲ ಒಲೆಗೆ ಹಾಕಿದೆ. ಆ ಬೂದಿ ಬೇಕಿದ್ದರೆ ನಿನ್ನ ಗಿಡಕ್ಕೆ ಕಳಿಸುತ್ತೇನೆ.

ನಿನಗೆ ಹೇಳದೆ ಸೆಪ್ಟೆಂಬರಿನಲ್ಲೇ ನಿನ್ನ ಕೋಣೆಗೆ ಸುಣ್ಣ ಹೊಡೆದಿದ್ದೆ. ಏಣಿ ಹತ್ತಿ ನಾನೇ ಹೊಡೆದೆ. ಬಂದಾಗ ನೋಡಿ ಬೆಚ್ಚಿಬೀಳಲಿ ಅಂತ ಕಾದಿದ್ದೆ. ಬೆಚ್ಚಿದ್ದು ನಾನು. ಡಿಸೆಂಬರಿನ ನಿನ್ನ ಕಾಗದ ಓದಿ ಆ ಕೋಣೆಗೆ ಬಾಗಿಲು ಹಾಕಿ ಬೀಗ ಜಡಿದೆ. ಅಪ್ಪನಿಗೆ ಓದಲಿಲ್ಲ. 'ಲೋಮಿ ಕಾಗ್ದ ಬಂತಾ?' ಅಂದರೆ, 'ಟಪಾಲು ಲಾರಿ ಬಂದಿಲ್ಲ' ಅಂದೆ. ಲಾರಿ ಮನೆಯ ಮುಂದೆಯೇ ನಿಂತಿತ್ತು.

ತಟ್ಟೆಯ ಮಾತು ಬರೆದಿದ್ದೆಯಲ್ಲ, ಅದನ್ನು ಓದಿದ ಮೇಲೆ ನನ್ನಿಂದ ತಡೆಯಲಾಗಲಿಲ್ಲ. ಎಲ್ಲ ಕಾಗದಗಳನ್ನೂ ತಂದು ಅಪ್ಪನ ಕಾಲ ಬಳಿ ಕುಳಿತು ಮೊದಲಿಂದ ಓದಿದೆ. ಮುಚ್ಚಿಟ್ಟ ಹಾಳೆಗಳನ್ನು, ಕೊಳೆತ ಬುಡವನ್ನು, ದಕ್ಷಿಣದ ಸೂರ್ಯನನ್ನು, ರೈಲಿನವನನ್ನು, ಎಲ್ಲ.

ಮುಗಿಸಿದಾಗ ಅಪ್ಪ ಪೈಪ್ ಕೆಳಗಿಟ್ಟಿದ್ದರು. ನನಗೆ ಹೆದರಿಕೆಯಾಯಿತು. ಅವರು ಮೊದಲು ಹೇಳಿದ್ದು, 'ನೀನು ಉತ್ತರ ಉತ್ತರ ಅಂದಾಗ್ಲೆಲ್ಲ ಕಿವಿ ಕೆರ್ಕೊಳ್ತಿದ್ದೆ. ಚಿಕ್ಕೋಳಿದ್ದಾಗ್ಲೂ ಸುಳ್ಳಾಡೋವಾಗ ಹಾಗೇ ಮಾಡ್ತಿದ್ದೆ.' ನನ್ನ ಮುಖ ಸುಟ್ಟುಹೋಯಿತು.

ಆಮೇಲೆ ಕೇಳಿದರು, 'ಸೂರ್ಯ ಆ ಕಡೆ ಇದಾನೆ ಅನ್ನೋದು ಹೋಗ್ಲಿ. ಅವ್ಳಿರೋ ಊರು ಎಲ್ಲಿ ಬರುತ್ತೆ?'

'ನದಿ ದಾಟಿ ಅಪ್ಪಾ. ಇನ್ನೂ ಮೇಲೆ, ಮೇಲೆ. ಉತ್ತರಕ್ಕೆ.'

'ಅಷ್ಟು ಮೇಲೆ ಹೋಗಿ ನಿಂತ್ಕೊಂಡು ನಮ್ಮೂರು ನೋಡ್ಬೇಕು ಅಂದ್ರೆ, ತಲೆ ಯಾವ ಕಡೆ ತಿರುಗಿಸ್ಬೇಕು?'

'ದಕ್ಷಿಣಕ್ಕೆ ಅಪ್ಪಾ' ಅಂದೆ. ಅಪ್ಪ ನನ್ನ ತಲೆಗೆ ಮೊಟಕಿದರು.

'ಆರು ತಿಂಗ್ಳಿಂದ ಅಕ್ಕ ತಂಗಿ ಸೇರ್ಕೊಂಡು ಒಂದು ಗಿಡದ ಕತ್ತು ತಿರುಚಿದ್ರಲ್ಲೇ. ಬೆನ್ನು ಹಾಕಿಲ್ಲ ಕಣೇ ಅದು. ನಮ್ಮನ್ನೇ ನೋಡ್ತಾ ಇದೆ.'

ಲೋಮೀ, ನಾನು ಅಳುವವಳಲ್ಲ, ನಿನಗೆ ಗೊತ್ತು. ಅಮ್ಮ ಹೋದಾಗಲೂ ರೊಟ್ಟಿ ಸುಡುತ್ತಲೇ ಇದ್ದೆ. ಅವತ್ತು ಅಪ್ಪನ ಮೊಣಕಾಲಿಗೆ ಮುಖವಿಟ್ಟು ಬಿಕ್ಕಿ ಬಿಕ್ಕಿ ಅತ್ತೆ. ಅಪ್ಪ ನನ್ನನ್ನು ಬಿಟ್ಟು ಎದ್ದು ಕೋಲು ಹಿಡಿದು ಅಂಗಳಕ್ಕೆ ಹೋದರು. ಗುಡ್ಡದ ಮೇಲಿನ ಅರೆಮನುಷ್ಯರನ್ನು ನೋಡುತ್ತಾ ಬಹಳ ಹೊತ್ತು ನಿಂತರು. ಅವೆಲ್ಲ ಬಿಟ್ಟುಬಂದ ಊರನ್ನು ನೋಡುತ್ತಿವೆ ಅಂತ ತಾತನ ಕಾಲದಿಂದ ಹೇಳಿಕೊಂಡು ಬಂದೆವು. ಒಳಗೆ ಬಂದು, 'ಇನ್ಮೇಲೆ ನಮ್ಮ ಲೋಮಿನೂ ಆ ಕಡೆನೇ ಇದಾಳೆ, ಅವಳನ್ನೂ ನೋಡ್ಲಿ ಬಿಡು' ಅಂದರು.

ದಾರ ಅಲ್ಲೇ ಇರಲಿ, ಬಿಚ್ಚಬೇಡ. ಗಿಡವನ್ನು ಮಾತ್ರ ಇನ್ನು ತಿರುಗಿಸಬೇಡ. ಅವನಿಗೆ ಹೂಂ ಅನ್ನು. ಬಸುರಿಯರಿಗೆ ನಾನು ಹೇಳಿಕೊಳ್ಳುತ್ತೇನೆ, ಬೈದರೆ ನನ್ನನ್ನು ಬೈಯುತ್ತಾರೆ. ಬೀಗ ತೆಗೆದಿದ್ದೇನೆ, ಆ ಕೋಣೆಯಲ್ಲಿ ಇಬ್ಬರು ಮಲಗಬಹುದು. ಮಳೆ ಬಿದ್ದು ಹೂವು ಬರುವ ಹೊತ್ತಿಗೆ ಅವನನ್ನು ಕರೆದುಕೊಂಡು ಬಾ. ಆಡಿನ ತಲೆ ತಿನ್ನುತ್ತಾನಾ ಕೇಳು. ತಲೆಕೆಳಗಾಗಿ ರೈಲು ಓಡಿಸುವವನು ಏನು ಬೇಕಾದರೂ ತಿಂದಾನು.

ಮಾರನೆಯ ದಿನ ಬೆಳಿಗ್ಗೆ ಅಪ್ಪ ಮನೆಯಲ್ಲಿರಲಿಲ್ಲ. ಊರೆಲ್ಲ ಹುಡುಕಿದೆ. ಈ ವಯಸ್ಸಿನಲ್ಲಿ ಒಬ್ಬರೇ ಗುಡ್ಡ ಹತ್ತಿ, ಬಂಡೆ ಸಂದಿಯಲ್ಲಿ ಸಿಕ್ಕಿದ ಬೀಜ ಹೆಕ್ಕಿ, ಟೊಪ್ಪಿಯಲ್ಲಿ ಹಾಕಿಕೊಂಡು ಇಳಿದು ಬಂದರು. ನಾನು ಬೈಯಲು ಬಾಯಿ ತೆಗೆಯುವ ಮೊದಲೇ ಖಾಲಿ ಕಾಫಿ ಡಬ್ಬಿ ಕೇಳಿದರು.

'ಇಷ್ಟು ವಯಸ್ಸಾದ್ರೂ ಆ ಹುಡುಗಂಗೆ ಒಂದು ಗಿಡ ಇಲ್ಲ. ಅವ್ರಪ್ಪ ಏನ್ ಮಾಡ್ತಿದ್ನೋ' ಅಂದರು.

ಹೊಸಿಲ ಪಕ್ಕದಲ್ಲಿ ಇಟ್ಟಿದ್ದಾರೆ. ನಿನ್ನೆ ಮೊಳಕೆ ಬಂತು. ಅದರ ತಲೆ ಯಾವ ಕಡೆ ಅಂತ ಹೇಳಲು ಇನ್ನೂ ಹತ್ತು ವರ್ಷ ಬೇಕು, ಆದರೂ ಅಪ್ಪ ದಿನಾ ಬಗ್ಗಿ ನೋಡುತ್ತಾರೆ.

ಡೋರ್ಕಸ್